ಬಾಗಿಲು ತೆಗೆಯುವ ಕೀಲಿ

"ಈ ಕೀ ಕೆಲಸ ಮಾಡಬಾರ್ದು," ಎಂದಳು ಆ ಹೆಂಗಸು.

ಕೀಲಿಯವನು ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದ. ಗಾಜಿನ ಕೌಂಟರಿನ ಮೇಲೆ ಒಂದೇ ಕಾರಿನ ಎರಡು ಕೀಲಿಗಳಿದ್ದವು. ಒಂದು ಹೊಸದರಂತೆ ಇತ್ತು. ಇನ್ನೊಂದರ ತಲೆ ಸವೆದು, ಹೆಬ್ಬೆರಳು ಕೂರುವ ಜಾಗದಲ್ಲಿ ಗುಳಿ ಬಿದ್ದಿತ್ತು. ಅವಳು ಬೆರಳಿಟ್ಟು ತೋರಿಸುತ್ತಿದ್ದುದು ಸವೆದದ್ದನ್ನು.

"ಕೆಲಸ ಮಾಡ್ತಿಲ್ಲ ಅಂತ ತಾನೆ?"

"ಅಲ್ಲ. ಚೆನ್ನಾಗೇ ಮಾಡ್ತಿದೆ. ಮಾಡಬಾರ್ದು."

ಇಪ್ಪತ್ತಾರು ವರ್ಷದ ಅಂಗಡಿ ಅದು. ಚರಂಡಿಗೆ ಬೀಳಿಸಿಕೊಂಡವರು, ಪ್ಯಾಂಟಿನ ಜೊತೆ ಒಗೆದವರು, ಕಾರಿನೊಳಗೇ ಕೀಲಿ ಬಿಟ್ಟು ಬಾಗಿಲು ಹಾಕಿಕೊಂಡು ಕಿಟಕಿಗೆ ಹಣೆ ಚಚ್ಚಿಕೊಂಡವರು, ಎಲ್ಲರನ್ನೂ ಅವನು ಕಂಡಿದ್ದ, ಎಲ್ಲರಿಗೂ ಬೈದಿದ್ದ. ಅವನ ಬಾಯಿ ಕೆಟ್ಟದ್ದು, ಕೈ ಒಳ್ಳೇದು ಎಂದು ಗಿರಾಕಿಗಳು ಹೊಂದಿಕೊಂಡುಬಿಟ್ಟಿದ್ದರು. ಆದರೆ ನೆಟ್ಟಗಿರುವ ಕೀಲಿಯನ್ನು ಕೆಡಿಸಿಕೊಡಿ ಎಂದು ಬಂದವಳು ಇವಳೇ ಮೊದಲು.

"ನೋಡಮ್ಮ, ಇದು ಬೀಗ ಬಿಚ್ಚೋ ಅಂಗಡಿ, ಮನೆ ಮುರಿಯೋ ಅಂಗಡಿಯಲ್ಲ. ಗಂಡ ಹೆಂಡತಿ ಜಗಳಕ್ಕೆಲ್ಲ ನನ್ನ ಮೆಷೀನ್ ಬರಲ್ಲ."

"ಗಂಡಂದಲ್ಲ. ನಮ್ಮಪ್ಪಂದು." ಅವಳ ದನಿ ಇಳಿಯಿತು. "ಡ್ರೈವಿಂಗ್ ಮೇಷ್ಟ್ರು."

ಕೀಲಿಯವನು ಸವೆದ ಕೀಲಿಯನ್ನು ಕೈಗೆತ್ತಿಕೊಂಡ. ಪಕ್ಕದ ಮೇಜಿನಲ್ಲಿ ಯಾವುದೋ ವಸತಿಗೃಹದ ಬಾಗಿಲು ತೆಗೆಯುವ ಕಾರ್ಡುಗಳನ್ನು ಒಂದೊಂದಾಗಿ ಯಂತ್ರಕ್ಕೆ ತೋರಿಸಿ ಹೊಸ ಸಂಖ್ಯೆ ಬರೆಯುತ್ತಿದ್ದ ಅವನ ಹೆಂಡತಿಯೂ ತಲೆಯೆತ್ತಿದಳು.

ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು ಮೇಷ್ಟ್ರು. ಅವರ ಶಾಲೆಯ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇತ್ತು. ಮೇಷ್ಟ್ರ ಕಾಲು ಸದಾ ಅದರ ಮೇಲೆ. ಲೈಸೆನ್ಸಿನ ಪರೀಕ್ಷೆಗೆ ಕಳಿಸುವ ಮುಂಚೆ ಅವರದೇ ಒಂದು ಪರೀಕ್ಷೆ. ಅದರಲ್ಲಿ ಕೀಲಿಯವನನ್ನು ಎರಡು ಸಲ ಫೇಲು ಮಾಡಿದ್ದರು. ಎರಡನೇ ಸಲ ಅವನು ಕಾರಿನ ಕೀಲಿಯನ್ನು ನೆಲಕ್ಕೆಸೆದು ಮನೆಗೆ ನಡೆದಿದ್ದ. ಮರುದಿನ ಬೆಳಿಗ್ಗೆ ಆರಕ್ಕೆ ಮೇಷ್ಟ್ರು ಅವನ ಮನೆ ಬಾಗಿಲಲ್ಲಿ ನಿಂತು, ಅದೇ ಕೀಲಿಯನ್ನು ಅವನ ಅಂಗೈಗಿಟ್ಟು, "ಕೋಪ ಇಳೀತಾ? ನಡಿ" ಎಂದಿದ್ದರು. ದಾರಿಯಲ್ಲಿ ಒಂದು ಮಾತು ಹೇಳಿದ್ದರು. "ಬರದಿದ್ರೆ ಬರಲ್ಲ ಅಂತ ಮುಖಕ್ಕೇ ಹೇಳ್ತೀನಿ ಕಣಯ್ಯ. ಬರುತ್ತೆ ಅಂದ್ಕೊಂಡು ರಸ್ತೆಗಿಳಿದವನು ಇನ್ನೊಬ್ಬರ ಮನೆ ಮಗುನ ಕೊಲ್ತಾನೆ."

ಮಗಳು ನಿಂತಲ್ಲೇ ಹೇಳತೊಡಗಿದಳು. ಅಪ್ಪನಿಗೆ ಮರೆವು ಶುರುವಾಗಿ ಒಂದು ವರ್ಷವಾಯಿತು. ಮೊದಲು ಹೆಸರುಗಳು, ಆಮೇಲೆ ವಾರಗಳು, ಆಮೇಲೆ ದಾರಿಗಳು. ಒಮ್ಮೆ ನಾಲ್ಕು ರಸ್ತೆ ಕೂಡುವಲ್ಲಿ ಕಾರು ನಿಲ್ಲಿಸಿ ಸುಮ್ಮನೆ ಕೂತುಬಿಟ್ಟಿದ್ದರು, ಹಿಂದೆ ಅಷ್ಟುದ್ದ ವಾಹನಗಳು ಹಾರ್ನ್ ಬಡಿಯುತ್ತಿದ್ದರೂ. ಹೋದ ಸೋಮವಾರ ಬೀದಿ ಕೊನೆಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದರು. ಪಕ್ಕದ ಮನೆಯ ಹುಡುಗಿಯ ಸೈಕಲ್ ಚಪ್ಪಟೆಯಾಯಿತು. ಹುಡುಗಿ ಚಪ್ಪಲಿ ಸರಿಮಾಡಿಕೊಳ್ಳಲು ಆಗ ತಾನೇ ಇಳಿದಿದ್ದಳು.

"ಕೀ ಬಚ್ಚಿಟ್ಟರಾಗಲ್ವಾ?"

"ಇಟ್ಟೆ. ಇಡೀ ದಿನ ಹುಡುಕಿದ್ರು. ಹಾಸಿಗೆ ಬಿಚ್ಚಿದ್ರು, ಹಿಟ್ಟಿನ ಡಬ್ಬ ಬಗ್ಗಿಸಿದ್ರು. ಕೊನೆಗೆ ಎಲ್ಲಿಟ್ಟೆ ಅಂತ ನೆನಪಾಗ್ತಿಲ್ಲ ಮಗಾ ಅಂತ ಅತ್ರು. ನಾನೇ ತೆಗೆದುಕೊಟ್ಟೆ. ಕಾರೇ ಕೆಟ್ಟಿದೆ ಅಂತಾದ್ರೆ ಕಾರಿಗೆ ಬೈಕೊಂಡು ಸುಮ್ಮನಾಗ್ತಾರೆ. ಅಷ್ಟು ಮಾಡಿಕೊಡಿ."

ಕೀಲಿಯವನು ಸವೆದ ಕೀಲಿಯನ್ನು ತಿರುಗಿಸಿ ನೋಡುತ್ತ ಕೂತ. ಕೆಲಸವೇನೋ ಸುಲಭ. ಕೀಲಿಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಯಾವ ಚಿಪ್ ತನ್ನದು ಎಂಬ ಪಟ್ಟಿಯೊಂದು ಕಾರಿನಲ್ಲಿರುತ್ತದೆ. ಪಟ್ಟಿಯನ್ನು ಪೂರಾ ಅಳಿಸಿ, ಮಗಳ ಕೀಲಿಯೊಂದನ್ನೇ ಮತ್ತೆ ಬರೆದರೆ ಮುಗಿಯಿತು.

"ಬಾಗಿಲು ತೆಗೆಯುತ್ತೆ. ತಿರುಗುತ್ತೆ. ಎಂಜಿನ್ ಮಾತ್ರ ಹತ್ತಲ್ಲ," ಎಂದ. "ಮೇಷ್ಟ್ರು ಮಧ್ಯಾಹ್ನ ಎಷ್ಟೊತ್ತಿಗೆ ಮಲಗ್ತಾರೆ?"

ಮರುದಿನ ಅವರ ಮನೆಯ ಅಂಗಳದಲ್ಲಿ, ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಳ್ಳನ ಹಾಗೆ ಉಸಿರು ಬಿಗಿಹಿಡಿದು ಅವನು ಆ ಕೆಲಸ ಮಾಡಿದ. ಹನ್ನೆರಡು ನಿಮಿಷ ಹಿಡಿಯಿತು. ಗೇಟಿನ ಕಂಬದ ಮೇಲೆ ಕಾರಿನ ಬಣ್ಣ ಗೀಚಿಕೊಂಡಿತ್ತು. ಅದನ್ನು ನೋಡಿ ಮೇಷ್ಟ್ರದ್ದೇ ಎಂದುಕೊಂಡ. "ಅದು ನಂದು," ಎಂದಳು ಮಗಳು ತಲೆ ತಗ್ಗಿಸಿ. "ಹಿಂದಕ್ಕೆ ತೆಗೆಯೋದು ನಂಗೆ ಯಾವತ್ತೂ ಬಂದಿಲ್ಲ."

ಮೂರು ದಿನ ಬಿಟ್ಟು ಮೇಷ್ಟ್ರು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಸವೆದ ಕೀಲಿ.

"ಕಾರು ಹತ್ತುತ್ತಿಲ್ಲ ಕಣಯ್ಯ. ಬ್ಯಾಟರಿ ನೋಡ್ದೆ, ಸರಿ ಇದೆ. ಪೆಟ್ರೋಲ್ ಇದೆ. ಮುಂದುಗಡೆ ಕೆಂಪು ದೀಪದಲ್ಲಿ ಕೀ ಚಿತ್ರ ಮಿಣುಕುತ್ತೆ. ಅಂದ್ರೆ ಕಾರಿಗೆ ನನ್ನ ಗುರುತು ಸಿಕ್ತಿಲ್ಲ. ಚಿಪ್ಪು ನೋಡು."

ಕೀಲಿಯವನು ನೋಡಿದಂತೆ ಮಾಡಿದ. "ಸತ್ತಿದೆ ಮೇಷ್ಟ್ರೇ. ಹೊಸದು ತರಿಸಬೇಕು. ಒಂದು ವಾರ."

ಎರಡು ದಿನಕ್ಕೆ ಮತ್ತೆ ಬಂದರು. "ಬಂತಾ?" ಬಂದಿಲ್ಲ ಮೇಷ್ಟ್ರೇ. ಅದರ ಮುಂದಿನ ಸಲ ಬಂದಾಗ, ಬಂತಾ ಎಂದು ಕೇಳಲಿಲ್ಲ. ಕೌಂಟರಿನ ಮೇಲೆ ಕೀಲಿಯಿಟ್ಟು, "ಕಾರು ಹತ್ತುತ್ತಿಲ್ಲ ಕಣಯ್ಯ. ಬ್ಯಾಟರಿ ನೋಡ್ದೆ, ಸರಿ ಇದೆ," ಎಂದು ಮೊದಲಿಂದ ಶುರು ಮಾಡಿದರು. ಪೆಟ್ರೋಲು, ಕೆಂಪು ದೀಪ, ಗುರುತು ಎಲ್ಲ ಅದದೇ ಮಾತು. ಕೀಲಿಯವನೂ ಅದದೇ ಉತ್ತರ ಕೊಟ್ಟ. ಸತ್ತಿದೆ, ತರಿಸಬೇಕು, ಒಂದು ವಾರ.

ಅವರು ಹೋದ ಮೇಲೆ ಹೆಂಡತಿ ಕಾರ್ಡುಗಳಿಂದ ಕಣ್ಣು ತೆಗೆಯದೆ ಹೇಳಿದಳು. "ನಿಮಗೀಗ ಆರಾಮಾಯ್ತಲ್ಲ. ಹೊಸ ಸುಳ್ಳು ಹುಡುಕೋ ಕಷ್ಟ ಇಲ್ಲ. ಮೊನ್ನೇದನ್ನೇ ಕೊಟ್ರೆ ಆಯ್ತು."

"ಮತ್ತೇನು ಮಾಡಲಿ? ಕೀ ಕೊಟ್ಟು ಯಾರ ಮೇಲಾದ್ರೂ ಹತ್ತಿಸಿ ಅನ್ಲಾ?"

"ಕೀ ಕೊಡಿ ಅಂತ ನಾನೆಲ್ಲಿ ಅಂದೆ?" ಎಂದು ಅವಳು ಮುಂದಿನ ಕಾರ್ಡು ತೆಗೆದುಕೊಂಡಳು. ಅವನು ಸ್ಕ್ರೂಡ್ರೈವರನ್ನು ಡ್ರಾಯರಿಗೆ ಎಸೆದು ಹೊರಗೆ ಹೋಗಿ ನಿಂತ. ಸಿಟ್ಟು ಯಾರ ಮೇಲೆಂದು ಅವನಿಗೇ ಗೊತ್ತಾಗಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಬಂದಾಗ ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಈ ಸಲ ಬ್ಯಾಟರಿಯ ಮಾತೆತ್ತಲಿಲ್ಲ. ಸುತ್ತ ನೋಡಿ, ಬೇರೆ ಗಿರಾಕಿಗಳಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೌಂಟರಿನ ಮೇಲೆ ಬಾಗಿದರು.

"ಒಂದು ವಿಷಯ ಕೇಳ್ತೀನಿ, ನಗಬಾರ್ದು. ನನ್ನ ಮಗಳು ತಿರುಗಿಸಿದ್ರೆ ಕಾರು ಹತ್ತುತ್ತೆ. ನಾನು ತಿರುಗಿಸಿದ್ರೆ ಹತ್ತಲ್ಲ. ಕಾರು ಕೆಟ್ಟಿಲ್ಲ ಕಣಯ್ಯ. ನಾನೇ ತಿರುಗಿಸೋದು ಮರೆತಿದ್ದೀನಿ." ಗುಳಿ ಬಿದ್ದ ಜಾಗದಲ್ಲಿ ಹೆಬ್ಬೆರಳಿಟ್ಟು, ಗಾಳಿಯಲ್ಲಿ ಕೀಲಿಯನ್ನು ನಿಧಾನವಾಗಿ ತಿರುಗಿಸಿದರು. "ಹೀಗೆ ತಾನೆ? ಒಂದ್ಸಲ ತೋರಿಸಿಕೊಡು. ಮಗಳ ಹತ್ರ ಕೇಳೋಕೆ ನಾಚಿಕೆ."

ಪಕ್ಕದಲ್ಲಿ ಕಾರ್ಡು ಯಂತ್ರದ ಕೀಂ ಸದ್ದು ನಿಂತಿತು.

ಕೀಲಿಯವನು ಕೌಂಟರು ದಾಟಿ ಬಂದು ಅವರೆದುರು ನಿಂತ. ಹೇಳಿದ ರೀತಿ ಜಗಳವಾಡಿದ ಹಾಗೇ ಇತ್ತು.

"ತಿರುಗಿಸೋದು ಸರಿಯಾಗೇ ಇದೆ ಮೇಷ್ಟ್ರೇ! ನೀವೇನೂ ಮರೆತಿಲ್ಲ. ಕೆಡಿಸಿದ್ದು ನಾನು. ನಿಮ್ಮ ಕೀನ ಕಾರಿಂದ ಅಳಿಸಿದ್ದು ಈ ಕೈ. ಚಿಪ್ಪು ಸತ್ತಿದೆ ಅಂದಿದ್ದು ಸುಳ್ಳು, ತರಿಸ್ತೀನಿ ಅಂದಿದ್ದೂ ಸುಳ್ಳು."

ಮೇಷ್ಟ್ರು ಕೀಲಿ ಹಿಡಿದ ಕೈಯನ್ನು ಕೆಳಗಿಳಿಸಿದರು.

"ಮಗಳು ಹೇಳಿದ್ಲಾ?"

"ಹೂಂ."

"ಯಾಕೆ?"

ಅವನು ಹೇಳಿದ. ಸೈಕಲ್ಲಿನ ವಿಷಯಕ್ಕೆ ಬಂದಾಗ ಅವರ ಮುಖದಲ್ಲಿ ಏನೂ ಕಾಣಲಿಲ್ಲ, ಬೇರೆ ಯಾರದೋ ಸುದ್ದಿ ಕೇಳಿದ ಹಾಗೆ. ಆಮೇಲೆ ಕೇಳಿದರು, "ಮಗುಗೆ?"

"ಏನಾಗಿಲ್ಲ. ಕೆಳಗಿಳಿದಿದ್ಲು."

"ನಾನಾ? ಬ್ರೇಕ್ ಬಿಟ್ಟು ಅದನ್ನ ತುಳಿದಿದ್ದು ನಾನಾ?"

"ನೀವೇ."

ಅವರು ಸ್ಟೂಲಿನ ಮೇಲೆ ಕೂತರು. ಹೆಂಡತಿ ನೀರು ತಂದಿಟ್ಟಳು, ಕುಡಿಯಲಿಲ್ಲ. ಅಂಗಿಯ ತಪ್ಪಿದ ಗುಂಡಿಗಳನ್ನು ತಾವೇ ಕಂಡುಕೊಂಡು, ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿಕೊಂಡರು. ಎದ್ದು ನಿಂತರು.

"ನೀನು ಹೇಳ್ದೆ ಅಂತ ನಾನು ಫೇಲಾಗಲ್ಲ. ಟೆಸ್ಟ್ ತಗೋ."

"ಮೇಷ್ಟ್ರೇ, ಬೇಡ..."

"ನಿನ್ನನ್ನ ಟೆಸ್ಟ್ ತಗೊಳ್ದೆ ಫೇಲ್ ಮಾಡಿದ್ನಾ ನಾನು? ನಡಿ."

ಡ್ರೈವಿಂಗ್ ಶಾಲೆಯ ಹಳೇ ಮೈದಾನ ಅಂಗಡಿಯ ಹಿಂದಿನ ಬೀದಿಯಲ್ಲೇ ಇತ್ತು. ಸುತ್ತ ಗೋಡೆ, ಒಳಗೆ ಒಂದು ನಾಯಿಯೂ ಇರಲಿಲ್ಲ. ಕೀಲಿಯವನು ತನ್ನ ವ್ಯಾನನ್ನು ಒಳಗೆ ತಂದು, ಗೇಟು ಎಳೆದು, ಖಾಲಿ ಪೇಂಟ್ ಡಬ್ಬಗಳನ್ನು ಎಂಟರ ಆಕಾರಕ್ಕೆ ಇಟ್ಟ. ಮೇಷ್ಟ್ರನ್ನು ಸ್ಟಿಯರಿಂಗಿಗೆ ಕೂರಿಸಿ, ತಾನು ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡ.

"ಕೈ ತೆಗಿ," ಎಂದರು ಮೇಷ್ಟ್ರು. ಅವನು ತೆಗೆಯಲಿಲ್ಲ.

ಅವರು ಕನ್ನಡಿ ಸರಿಮಾಡಿದರು, ಬೆಲ್ಟು ಹಾಕಿದರು, ಅವನಿಗೂ ಹಾಕಿಸಿದರು. ಕೀಲಿ ತಿರುಗಿಸಿದರು. ಎಂಜಿನ್ ಹತ್ತಿದ ಕೂಡಲೇ ಅವರ ಬಾಯಿಂದ ಸಣ್ಣದೊಂದು "ಹಾ" ಬಂತು. ವ್ಯಾನು ಡಬ್ಬಗಳ ನಡುವೆ ಎಣ್ಣೆ ಹರಿದ ಹಾಗೆ ಹೋಯಿತು. ಒಂದು ಡಬ್ಬವೂ ಅಲುಗಲಿಲ್ಲ. ಆಮೇಲೆ ಹಿಂದಕ್ಕೂ ಅದೇ ಎಂಟು. ಇಪ್ಪತ್ತಾರು ವರ್ಷ ಅದೇ ವ್ಯಾನು ಓಡಿಸಿದ್ದರೂ ಕೀಲಿಯವನಿಂದ ಹಾಗೆ ಆಗುತ್ತಿರಲಿಲ್ಲ. ತಾನು ದೊಡ್ಡ ತಪ್ಪು ಮಾಡಿದೆನೇನೋ ಎಂದು ಅವನಿಗೆ ಅನ್ನಿಸತೊಡಗಿತು.

"ಗೇಟು ತೆಗಿ. ಮನೆಗೆ ಹೋಗೋಣ."

"ಗೇಟಿನವರೆಗೆ ಬನ್ನಿ ಮೇಷ್ಟ್ರೇ."

ಅವನು ಇಳಿದು ಗೇಟು ತೆಗೆದು ಬಂದು ಕೂತ. ವ್ಯಾನು ಗೇಟಿನ ಬಾಯಲ್ಲಿ ನಿಂತಿತು. ಎದುರಿಗೆ ರಸ್ತೆ ಎಡಕ್ಕೂ ಬಲಕ್ಕೂ ಹೋಗುತ್ತಿತ್ತು. ನಲವತ್ತು ವರ್ಷ ದಿನಕ್ಕೆ ಹತ್ತು ಸಲ ಅವರು ದಾಟಿದ ಗೇಟು ಅದು. ಮೇಷ್ಟ್ರು ಎಡಗಡೆಯ ಇಂಡಿಕೇಟರ್ ಹಾಕಿದರು. ಟಿಕ್ ಟಿಕ್ ಎಂದಿತು. ತೆಗೆದು ಬಲಕ್ಕೆ ಹಾಕಿದರು. ಮತ್ತೆ ಎಡಕ್ಕೆ. ರಸ್ತೆಯಲ್ಲಿ ಒಬ್ಬಳು ಪುಟ್ಟ ಹುಡುಗಿಯ ಕೈ ಹಿಡಿದುಕೊಂಡು ನಡೆದುಹೋದಳು. ಕೀಲಿಯವನ ನಾಲಿಗೆಯ ತುದಿಯಲ್ಲಿ "ಬಲಕ್ಕೆ" ಎಂಬ ಮಾತು ಬಂದು ನಿಂತಿತು.

"ಹೇಳಬೇಡ," ಎಂದರು ಮೇಷ್ಟ್ರು.

ಇನ್ನಷ್ಟು ಹೊತ್ತು ಟಿಕ್ ಟಿಕ್. ಆಮೇಲೆ ಅವರು ಹ್ಯಾಂಡ್‌ಬ್ರೇಕ್ ಎಳೆದರು, ಅವನ ಕೈಯ ಮೇಲೇ ತಮ್ಮ ಕೈಯಿಟ್ಟು. ಎಂಜಿನ್ ಆರಿಸಿ, ಕೀಲಿಯನ್ನು ಕಿತ್ತು ಅವನ ಅಂಗೈಗಿಟ್ಟರು.

"ಫೇಲು," ಎಂದರು.

ಮನೆಯ ಕಡೆ ವ್ಯಾನು ಓಡಿಸಿದ್ದು ಕೀಲಿಯವನು, ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತಿದ್ದರು. ಒಂದು ತಿರುವಿನಲ್ಲಿ, "ಕನ್ನಡಿ ಯಾರಪ್ಪ ನೋಡ್ತಾನೆ?" ಎಂದು ಗದರಿದರು. ಅವನು ನೋಡಿದ.

ಮಗಳು ಗೇಟಿನಲ್ಲೇ ನಿಂತಿದ್ದಳು, ಅಪ್ಪ ಎಲ್ಲಿ ಹೋದರೆಂದು ಅತ್ತ ಇತ್ತ ನೋಡುತ್ತ. ಕೀಲಿಯವನು ಹತ್ತಿರ ಹೋಗಿ, "ನಾನು ಹೇಳಿಬಿಟ್ಟೆ ತಾಯಿ. ಬೈಯೋದಾದ್ರೆ ಬೈದುಬಿಡಿ," ಎಂದ. ಅವಳ ಮುಖ ಕೆಂಪಾಯಿತು. ಬಾಯಿ ತೆರೆದಳು. ಅಷ್ಟರಲ್ಲಿ ಹೆಜ್ಜೆ ಸದ್ದಿಗೆ ಇಬ್ಬರೂ ಅಂಗಳದ ಕಡೆ ತಿರುಗಿದರು.

ಮೇಷ್ಟ್ರು ನೇರ ತಮ್ಮ ಕಾರಿನ ಹತ್ತಿರ ಹೋಗಿದ್ದರು. ಜೇಬಿನಿಂದ ಸವೆದ ಕೀಲಿಯನ್ನು ತೆಗೆದು ಬೀಗಕ್ಕೆ ಹಾಕಿ ತಿರುಗಿಸಿದರು. ಬಾಗಿಲು ತೆರೆಯಿತು. ಸ್ಟಿಯರಿಂಗನ್ನು ಒಂದು ಕ್ಷಣ ನೋಡಿ, ಆ ಬಾಗಿಲನ್ನು ಹಾಗೇ ತೆರೆದಿಟ್ಟು, ಕಾರಿನ ಮುಂದಿನಿಂದ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಬೆಲ್ಟು ಎಳೆದು ಹಾಕಿಕೊಂಡರು.

"ಬಾರೇ," ಎಂದು ಮಗಳನ್ನು ಕೂಗಿದರು. "ಹಿಂದಕ್ಕೆ ತೆಗೆಯೋದು ಇವತ್ತಾದ್ರೂ ಕಲಿ. ಆ ಕಂಬ ನಿನಗೇನು ಮಾಡಿತ್ತು?"

ಮಗಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋಗಿ ಕೂತಳು. ಎಂಜಿನ್ ಹತ್ತಿತು. ಕಾರು ತಡವರಿಸುತ್ತ ಗೇಟಿನ ಕಡೆ ಹಿಂದಕ್ಕೆ ಬರತೊಡಗಿತು. ಕೀಲಿಯವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಕಾರು ಕಂಬದ ಸಮೀಪ ಬಂದಾಗ ತೆರೆದ ಕಿಟಕಿಯಲ್ಲಿ ಅವನಿಗೆ ಮೇಷ್ಟ್ರ ಕಾಲು ಕಂಡಿತು. ಮುಂದಕ್ಕೆ ಚಾಚಿ, ಏನೂ ಇಲ್ಲದ ಮ್ಯಾಟನ್ನು ಬಲವಾಗಿ ಒತ್ತಿ ಹಿಡಿದಿತ್ತು.