ಎಡಕ್ಕೆ ಬಿದ್ದ ಗುಂಡು

ಟಪ್, ಎಡಕ್ಕೆ, ಕಪ್ಪಿಗೇ ಬಿತ್ತು, ಈ ಕಿವಿಗೆ ಮೋಸವಿಲ್ಲ, ಇಪ್ಪತ್ತು ವರ್ಷ ಈ ಬೆಟ್ಟದವರ ಎದೆಗೆ ಒತ್ತಿಕೊಂಡ ಕಿವಿ, ಚರ್ಚಿನೊಳಗೆ ಇಷ್ಟು ಗದ್ದಲವಿದ್ದರೂ ನನ್ನ ಹೆಸರಿನ ತಗಡಿನ ಮತಪೆಟ್ಟಿಗೆಯ ಹಿಂದೆ ನಿಂತವನಿಗೆ ಕೇಳಿಯೇ ಕೇಳುತ್ತದೆ, ಕೊಳವೆಯೊಳಗೆ ಕೈ ತೂರಿಸಿ ಸೀಸದ ಗುಂಡನ್ನು ಬಲಕ್ಕೆ ಬಿಟ್ಟರೆ ಬಿಳಿ, ಬೇಕು, ಎಡಕ್ಕೆ ಬಿಟ್ಟರೆ ಕಪ್ಪು, ಬೇಡ, ಯಾರಿಗೂ ತಿಳಿಯಬಾರದೆಂದು ಒಳಗೆ ಬಟ್ಟೆ ಹೊದಿಸಿದ್ದಾರೆ, ಪಾಪ, ಎದೆ ತಟ್ಟಿ ಒಳಗಿನ ನೀರು ಹೇಳುವವನ ಹತ್ತಿರ ಬಟ್ಟೆಯಾಟ! ಬಲದ್ದು ಮಂದ, ಎಡದ್ದು ಒಣ, ಬೆಳಗಿನಿಂದ ಒಣ ಸದ್ದೇ ಹೆಚ್ಚು, ಈಗ ಕೈ ಹೊರತೆಗೆದವನು ಕುರಿ ಕಾಯುವ ಜಿಸಿಮೋಸ್, ಇವನ ಮುರಿದ ಕಾಲು ಕೂಡಿಸಿದವನು ನಾನು, ಇವನ ಮಗಳಿಗೆ ಜ್ಞಾನತಂದೆಯಾಗಿ ಜ್ಞಾನಸ್ನಾನದ ಎಣ್ಣೆ ಹಚ್ಚಿದವನು ನಾನು, ಹೇಗೆ ನಗುತ್ತಾನೆ ನೋಡು, ನಿಮಗೇ ಹಾಕ್ದೆ ಡಾಕ್ಟ್ರೇ, ನಿಮ್ಮನ್ ಬಿಟ್ರೆ ನಮಗ್ಯಾರು, ಸುಳ್ಳ, ಗುಂಡು ಬಿಟ್ಟ ಅದೇ ಕೈ ನನ್ನ ತೋಳು ಹಿಡಿಯುತ್ತದೆ, ಪನೋರಿಯಾಗೆ ನಿನ್ನೆಯಿಂದ ಹೆರಿಗೆ ನೋವು, ಮಗು ಮಿಸುಕ್ತಾ ಇಲ್ಲ, ಒಂದ್ಸಲ ಬನ್ನಿ ಡಾಕ್ಟ್ರೇ — ಹೋಗುವುದಿಲ್ಲ, ನಾನು ಕದಲಿದರೆ ಎದುರಾಳಿಯ ಕಡೆಯವರು ಪೆಟ್ಟಿಗೆಯನ್ನು ಏನು ಮಾಡುತ್ತಾರೋ, ಕಪ್ಪು ಹಾಕಿದವನು ಹೆಂಡತಿಗೂ ಬೇರೆಯವರನ್ನೇ ಹುಡುಕಿಕೊಳ್ಳಲಿ ಎಂದುಕೊಳ್ಳುತ್ತಿರುವಾಗಲೇ ಕಾಲು ಮೆಟ್ಟಿಲಿಳಿದಿದೆ, ಚೀಲ ಕೈಯಲ್ಲಿದೆ, ಥೂ ಈ ಕಾಲು.

ಏರು ಹಾದಿ, ಮುಂದೆ ಅವನ ಬೆನ್ನು, ಒಂದು ಅವಧಿ ಅಥೆನ್ಸಿನ ಸಂಸತ್ತಿನಲ್ಲಿ ಕೂತು ಬಂದೆ, ಈ ಹೊಳೆಗೆ ಸೇತುವೆ ಬೇಕು ಎಂದು ಗುಡುಗಿದ್ದೆ, ಚಪ್ಪಾಳೆ ಬಿತ್ತು, ಸೇತುವೆ ಬರಲಿಲ್ಲ, ಇನ್ನೊಂದು ಸಲ ಕಳಿಸಿದರೆ ತಂದೇ ತರುತ್ತೇನೆ, ಯಾರಿಗಾಗಿ ತರುವುದು, ಈ ಕೃತಘ್ನರಿಗಾಗಿಯೇ, ಬಾಗಿಲು ತಗ್ಗು, ಬಗ್ಗು, ಪನೋರಿಯಾ ಆಡಿನ ಕೂದಲಿನ ಕಂಬಳಿಯ ಮೇಲೆ, ದೇವರ ಪಟದ ಕೆಳಗೆ ಒಂದು ಪುಟ್ಟ ಟೊಪ್ಪಿಗೆ, ನಾನು ಎಣ್ಣೆ ಹಚ್ಚಿದ ತಲೆಯದು, ಅವಳು ತೀರಿಕೊಂಡ ಚಳಿಗಾಲ ನಾನು ಇಲ್ಲಿರಲಿಲ್ಲ, ಹೊಟ್ಟೆಗೆ ಕಿವಿಯಿಡುತ್ತೇನೆ, ಸುಮ್ಮನಿರಮ್ಮ, ಸುಮ್ನೆ ಹೆಂಗಿರ್ಲಿ ಡಾಕ್ಟ್ರೇ, ಕಪ್ಪಿಗೆ ಹಾಕು ಅಂತ ನಾನೇ ಹೇಳ್ದೆ ಇವ್ನಿಗೆ, ಎಲ್ಲಾ ಮನೇಲೂ ಹೆಂಗಸ್ರು ಅದನ್ನೇ ಹೇಳಿದೀವಿ, ನೀವಲ್ಲಿ ಭಾಷಣ ಮಾಡ್ತಿದ್ರಿ, ನಮ್ ಕೂಸು ಇಲ್ಲಿ ಗಂಟ್ಲು ಕಟ್ಕೊಂಡು ಹೋಯ್ತು, ಗೆದ್ರೆ ಮತ್ತೆ ಹೋಗ್ಬಿಡ್ತೀರಲ್ಲ, ಜಿಸಿಮೋಸ್ ಗೋಡೆ ಕಡೆ ತಿರುಗಿ ನಿಂತಿದ್ದಾನೆ, ಅಂದರೆ ಬೆಳಗಿನಿಂದ ಬಿದ್ದವೆಲ್ಲ, ಕಮ್ಮಾರನದು, ಗಂಟೆ ಹೊಡೆಯುವವನದು, ಎಲ್ಲವೂ — ಸುಮ್ಮನಿರಮ್ಮ, ಕೇಳಬೇಕು, ಏನೂ ಇಲ್ಲ, ಏನೂ ಇಲ್ಲ, ತಾಳು, ಇನ್ನೂ ಕೆಳಗೆ, ಇದೆ, ತುಂಬ ದೂರದಲ್ಲಿ ಇದೆ, ಬದುಕಿದೆ, ಕತ್ತಲ ಕೊಳವೆಯೊಳಗೆ ಒಂದು ಕೈ ತಡಕುತ್ತದೆ, ಬಿಡುತ್ತದೆ, ಟಪ್, ಎಡಕ್ಕೆ, ಟಪ್, ಎಡಕ್ಕೆ, ಟಪ್ —