ಕ್ಲಿಪ್ಪು ಹಾಕದ ವ್ಯಾನು

ನನ್ನ ತಮ್ಮ ಕಾರು ಕಂಪನಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ. ಹೋದ ವರ್ಷ ಕಂಪನಿಯವರು ಒಂದು ಮಾದರಿಯ ಗಾಡಿಗಳನ್ನೆಲ್ಲ, ಕಾರು ವ್ಯಾನು ಎರಡನ್ನೂ, ರಿಪೇರಿಗೆ ವಾಪಸ್ ಕರೆಸಿದರು. ಬ್ರೇಕಿನ ಎಣ್ಣೆ ಹರಿಯುವ ರಬ್ಬರ್ ಪೈಪು ಚಕ್ರದ ಪಕ್ಕದ ಕಬ್ಬಿಣದ ಪಟ್ಟಿಗೆ ಉಜ್ಜಿ ತೂತಾಗಬಹುದಂತೆ. ಪೈಪನ್ನು ಪಟ್ಟಿಯಿಂದ ದೂರ ಹಿಡಿಯಲು ಒಂದು ಕರಿ ಕ್ಲಿಪ್ಪು ಕಳಿಸಿದ್ದರು. ಹೆಬ್ಬೆರಳಲ್ಲಿ ಒತ್ತಿದರೆ ಅದು ಟಕ್ ಎನ್ನಬೇಕು. ಟಕ್ ಎಂದರೆ ಕೆಲಸ ಮುಗಿಯಿತು, ಹಾಳೆಗೆ ಸಹಿ ಹಾಕುವುದು, ಮುಂದಿನ ಗಾಡಿ. ಇನ್ನೂರ ಹನ್ನೆರಡು ಗಾಡಿಗೆ ತಮ್ಮನೊಬ್ಬನೇ ಕೂರಿಸಿದ. ಹೆಬ್ಬೆರಳು ಜಡ್ಡುಗಟ್ಟಿಹೋಯಿತು.

ನನ್ನ ವ್ಯಾನೂ ಅದೇ ಮಾದರಿ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ತಂದು, ಒಗೆದು, ಇಸ್ತ್ರಿ ಮಾಡಿ ಮುಟ್ಟಿಸುವುದು ನನ್ನ ಕೆಲಸ. ಆ ಗ್ಯಾರೇಜಿನಲ್ಲೊಂದು ರೂಢಿ: ಕೆಲಸಗಾರರ ಮನೆಯವರ ಗಾಡಿ ಎಲ್ಲರದೂ ಆದ ಮೇಲೆ. ನನ್ನ ಸರದಿ ಬರುವ ಹೊತ್ತಿಗೆ ಕ್ಲಿಪ್ಪು ಖಾಲಿ. ಹಾಳೆಗಳು ಮಾತ್ರ ಅವತ್ತೇ ಮೇಲಿನವರಿಗೆ ಹೋಗಬೇಕಿತ್ತು. ತಮ್ಮ ಸಹಿ ಹಾಕಿದ.

"ಸ್ಟಾಕ್ ಬಂದ ತಕ್ಷಣ ಹಾಕ್ಕೊಡ್ತೀನಕ್ಕ. ನಮ್ಮನೇದಲ್ವಾ, ಎಲ್ಲಿಗೆ ಓಡಿಹೋಗುತ್ತೆ?"

ಸ್ಟಾಕ್ ಬಂತು. ಅವನು ಮರೆತ, ನಾನೂ ಮರೆತೆ.

ಹತ್ತು ತಿಂಗಳ ಮೇಲೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಒಂದು ಕಾರು ಗೋಡೆಗೆ ಬಡಿಯಿತು. ಅದರಲ್ಲಿದ್ದ ನರ್ಸಮ್ಮ ಅಲ್ಲೇ ಹೋದಳು. ದಿನಾ ಬೆಳಿಗ್ಗೆ ನನ್ನ ಬಟ್ಟೆ ಗಂಟು ಬಿಚ್ಚಿ ಎಣಿಸಿಕೊಳ್ಳುತ್ತಿದ್ದವಳು ಅವಳೇ. ಒಂದು ಚಾದರ ಕಡಿಮೆಯಾದರೂ "ಏನಮ್ಮ, ಒಂದನ್ನ ನೀವೇ ಹೊದ್ಕೊಂಡು ಮಲಗಿದ್ರಾ?" ಎಂದು ನಗುತ್ತಿದ್ದಳು. ಅವಳ ಕಾರಿಗೂ ಕ್ಲಿಪ್ಪು ಹಾಕಿದ್ದವನು ನನ್ನ ತಮ್ಮ.

ರಿಪೇರಿಯಿಂದ ಉಪಯೋಗವಾಗಿದೆಯೋ ಇಲ್ಲವೋ ಎಂದು ಸರ್ಕಾರದ ತನಿಖೆ ಶುರುವಾಯಿತು. ಬಂದ ಅಧಿಕಾರಿ ಹೆಂಗಸು. ರಿಪೇರಿಯಾದ ಗಾಡಿಗಳನ್ನು ಕರೆಸಿ, ತಾನೇ ನೆಲಕ್ಕೆ ಅಂಗಾತ ಬಿದ್ದು ನೋಡುತ್ತಿದ್ದಳಂತೆ. ಮೂವತ್ತು ಗಾಡಿಗಳಲ್ಲೂ ಕ್ಲಿಪ್ಪು ಇತ್ತು. ಹನ್ನೊಂದರಲ್ಲಿ ಪೈಪು ಸವೆದಿತ್ತು. ಕಂಪನಿಯ ಮನುಷ್ಯ ಜಾರಿಕೊಂಡ: "ಅದು ಹಳೇ ಸವೆತ. ಪೈಪ್ ನೋಡಿ, ಸವೆದಿದ್ರೆ ಬದಲಾಯಿಸಿ ಆಮೇಲೆ ಕ್ಲಿಪ್ ಹಾಕಿ ಅಂತ ಬರೆದುಕೊಟ್ಟಿದ್ವಿ. ಗ್ಯಾರೇಜಿನ ಮೆಕ್ಯಾನಿಕ್ ನೋಡೇ ಇಲ್ಲ."

"ಒಂದೊಂದನ್ನೂ ಬೆರಳಲ್ಲಿ ಸವರಿ ನೋಡಿದ್ದೀನಿ," ಎಂದ ತಮ್ಮ. ಕೇಳುವವರು ಯಾರು? ನರ್ಸಮ್ಮನ ಸಾವು ಅವನ ಕುತ್ತಿಗೆಗೆ ಬಂತು. ಕೆಲಸದಿಂದ ಹೊರಗೆ ನಿಲ್ಲಿಸಿದರು. ಜೈಲಿನ ಮಾತೂ ಎದ್ದಿತು.

ಅಷ್ಟರಲ್ಲಿ ನನ್ನ ವ್ಯಾನಿಗೂ ಕರೆ ಬಂತು. ಹಿಂದಿನ ದಿನ ಮಧ್ಯಾಹ್ನ ತಮ್ಮ ಬಂದ. ನನ್ನನ್ನು ಮಾತಾಡಿಸದೆ ನೇರ ವ್ಯಾನಿನ ಕೆಳಗೆ ನುಸುಳಿದ. ಹೊರಗೆ ಬಂದವನು ಇಸ್ತ್ರಿ ಮೇಜಿನ ಮೇಲೆ, ಬಿಳಿ ಚಾದರಗಳ ಪಕ್ಕದಲ್ಲಿ, ಒಂದು ಕರಿ ಕ್ಲಿಪ್ಪು ಇಟ್ಟ.

"ಊರೋರಿಗೆಲ್ಲ ಹಾಕಿ ಅಕ್ಕನ್ನ ಬಿಟ್ಟ ಮಹಾರಾಯ! ಈಗ ನೆನಪಾಯ್ತಾ?" ಎಂದೆ.

"ಅರ್ಧ ನಿಮಿಷದ ಕೆಲಸ ಅಕ್ಕ. ಹಾಕಿಬಿಟ್ರೆ ಯಾರಿಗೂ ಗೊತ್ತಾಗಲ್ಲ. ಇಲ್ಲ ಅಂದ್ರೆ ಸುಳ್ಳು ಸಹಿ ಹಾಕೋನು ಅಂತ ಮುಗಿಸಿಬಿಡ್ತಾರೆ."

"ಪೈಪು ಹೇಗಿದೆ?"

"ಹೊಸದರ ಹಾಗಿದೆ."

"ದಿನಾ ಎರಡು ಸಲ ಆಸ್ಪತ್ರೆಗೆ ಹೋಗಿಬರುತ್ತೆ ಕಣೋ ಈ ವ್ಯಾನು. ಆ ಹನ್ನೊಂದು ಗಾಡೀಲಿ ಸವೆದಿರೋದು ಎಲ್ಲಿ?"

"ಕ್ಲಿಪ್ಪಿನ ಅಂಚಲ್ಲಿ..." ಎಂದವನು ಮೇಜಿನ ಮೇಲಿನ ಕ್ಲಿಪ್ಪಿನ ಕಡೆ ತಿರುಗಿದ.

ನಾನು ಚಾದರ ಮಡಿಸುತ್ತಲೇ ಇದ್ದೆ. ತಮ್ಮ ಕ್ಲಿಪ್ಪು ಎತ್ತಿಕೊಂಡು ಅದರ ಅಂಚಿನ ಮೇಲೆ ಜಡ್ಡುಗಟ್ಟಿದ ಹೆಬ್ಬೆರಳನ್ನು ಎಳೆದ. ಮತ್ತೆ ಎಳೆದ. ನಾಲ್ಕನೇ ಸಲಕ್ಕೆ ಅಂಚು ಜಡ್ಡನ್ನು ಕೊಯ್ದು ಬಿಳಿ ಗೆರೆ ಮೂಡಿತು.

"ನರ್ಸಮ್ಮನ ಕಾರಲ್ಲಿ ಪೈಪು ಚೆನ್ನಾಗೇ ಇತ್ತಕ್ಕ," ಎಂದ. "ನಾನೇ ಸವರಿ ನೋಡಿದ್ದೆ."

ಏನು ಹೇಳಲಿ? ಎತ್ತಿ ಆಡಿಸಿದ ತಮ್ಮ. ಹಾಕಿಬಿಡು ಎಂದು ನಾಲಿಗೆ ತುದಿಗೆ ಬಂದದ್ದು ಸುಳ್ಳಲ್ಲ. ಇನ್ನೂರು ಗಾಡಿಗಳು ಕಣ್ಣ ಮುಂದೆ ಬಂದವು, ಒಳಗೆ ಯಾರ್ಯಾರ ಮಕ್ಕಳೋ.

"ನಾಳೆ ನೀನೂ ಜೊತೆಗೆ ಬಾ," ಎಂದಷ್ಟೇ ಅಂದೆ. ಅವನು ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು ಹೋದ. ಹಾಕಿದ್ದು ವ್ಯಾನಿಗಲ್ಲ.

ಮಾರನೇ ದಿನ ವ್ಯಾನಿನ ಕೆಳಗೆ ಬಗ್ಗಿದ ಕಂಪನಿಯವನಿಗೆ ಸ್ವರ್ಗಕ್ಕೆ ಮೂರೇ ಗೇಣು. "ನೋಡಿ ಮೇಡಂ! ಕ್ಲಿಪ್ಪೇ ಇಲ್ಲ, ಸಹಿ ಮಾತ್ರ ಇದೆ."

"ಸಹಿ ನಿಮ್ಮದಾ?" ಅಧಿಕಾರಿ ತಮ್ಮನನ್ನು ಕೇಳಿದಳು.

"ನಂದೇ ಮೇಡಂ. ಸುಳ್ಳು ಸಹಿ. ಕ್ಲಿಪ್ ಹಾಕಿಲ್ಲ. ಈಗ ಪೈಪ್ ನೋಡಿ."

ಅವಳು ಬಹಳ ಹೊತ್ತು ಕೆಳಗೇ ಇದ್ದಳು. ಎದ್ದು, ಬೆನ್ನಿನ ಧೂಳು ಒರೆಸಿಕೊಳ್ಳದೆ, ವ್ಯಾನು ಎಷ್ಟು ಓಡಿದೆ ಎಂದು ಮೀಟರು ನೋಡಿ ಬರೆದುಕೊಂಡಳು. ಆಮೇಲೆ ಕಂಪನಿಯವನ ಕಡೆ ತಿರುಗಿ, "ಕ್ಲಿಪ್ ಹಾಕದೇ ಇರೋ ಗಾಡಿ ಇದೊಂದೇ ಸಿಕ್ಕಿದ್ದು. ಇಷ್ಟು ಓಡಿದ್ರೂ ಇದರಲ್ಲಿ ಯಾಕೆ ಸವೆದಿಲ್ಲ?" ಎಂದಳು. ಅವನು ಫೋನ್ ತೆಗೆದುಕೊಂಡು ಆಚೆ ಹೋದ.

ಗಾಡಿಯವರಿಗೆಲ್ಲ ಕಾಗದ ಹೊರಡಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಇನ್ನೊಂದು ಗಾಡಿ ಉರುಳಿ ಒಬ್ಬನ ಕಾಲು ಹೋಯಿತು. ತಮ್ಮನನ್ನು ಗ್ಯಾರೇಜಿನವರು ಪೂರ್ತಿ ತೆಗೆದುಹಾಕಿದರು, ಸುಳ್ಳು ಸಹಿಗೆ. ಆ ದೂರು ಸುಳ್ಳೂ ಅಲ್ಲವಲ್ಲ.

ಕಾಗದ ನನಗೂ ಬಂತು. ಇಸ್ತ್ರಿ ಮೇಜಿನ ಹತ್ತಿರ ನಿಂತು ಅವನಿಗೆ ಓದಿ ಹೇಳಿದೆ: ನಿಮ್ಮ ವಾಹನಕ್ಕೆ ಹಾಕಿದ ಕ್ಲಿಪ್ಪನ್ನು ಕೂಡಲೇ ತೆಗೆಸಿಕೊಳ್ಳಿ.

"ಮೆಕ್ಯಾನಿಕ್ಕಿನ ತಪ್ಪಿಲ್ಲ ಅಂತ ಏನಾದ್ರೂ ಇದೆಯಾ?"

ಹಾಳೆ ತಿರುಗಿಸಿ ನೋಡಿದೆ. ಇರಲಿಲ್ಲ.

ಅವನೀಗ ನನ್ನ ಜೊತೆ ಬಟ್ಟೆ ಮಡಿಸುತ್ತಾನೆ. ಮೊನ್ನೆ ನಾನು ಊಟದ ಡಬ್ಬಿಯ ಮುಚ್ಚಳ ಒತ್ತಿದೆ. ಅದು ಟಕ್ ಎಂದಿತು. ಅವನ ಕೈಯಲ್ಲಿದ್ದ ಚಾದರ ನೆಲಕ್ಕೆ ಬಿತ್ತು. ಅಂದಿನಿಂದ ಮುಚ್ಚಳ ಬಿಟ್ಟು ಡಬ್ಬಿಯ ಮೇಲೆ ತಟ್ಟೆ ಮುಚ್ಚಿಡುತ್ತೇನೆ.