ನೆತ್ತಿಗೆ ಹತ್ತಿದ್ದು

ಮತ್ತೆ ಕೆಮ್ಮು, ಇವರದ್ದೇ, ನೂರು ಜನ ಕೆಮ್ಮಿದರೂ ನನ್ನ ಗಂಡನ ಕೆಮ್ಮು ನನಗೆ ಗೊತ್ತಾಗುತ್ತದೆ, ಆ ಬಾಗಿಲ ಹಿಂದೆ ಮುಂಬಯಿಯಿಂದ ಬಂದ ಡಾಕ್ಟರು ಇವರ ಉಸಿರಿನ ದಾರಿಯೊಳಗೇ ಕೊಳವೆ ಇಳಿಸುತ್ತಾರಂತೆ, ದೇವರೇ, ಕಾರವಾರದ ಆಸ್ಪತ್ರೆಯ ಜಗಲಿಯಲ್ಲಿ ಕೂತು ನಾನು ಫಿನಾಯಿಲು ವಾಸನೆ ಕುಡಿಯುತ್ತಿದ್ದೇನೆ, ಮಗಳು ಕಾಮಿ ಕಂಬ ಸುತ್ತುತ್ತಾಳೆ, ಸುತ್ತಬೇಡವೇ, ತಲೆ ತಿರುಗುತ್ತದೆ — ಹೋದ ವರ್ಷ ಹಿಲ್ಲೂರಿನ ಮನೆಯಲ್ಲಿ, ಅಂಕೋಲೆ ಪೇಟೆಯಿಂದ ತಂದ ಬಳಚಿನ ಸಾರು, ಹೊಳೆಯ ಚಿಪ್ಪುಮೀನು, ಇವರು ಚಿಪ್ಪು ಚೀಪುತ್ತಾ ನಗುತ್ತಿದ್ದರು, ನಗಿಸಿದವಳು ನಾನೇ, ಅತ್ತೆಯ ಗೊರಕೆ ಆಡಿ ತೋರಿಸಿದ್ದೆ, ತಟ್ಟನೆ ಉಸಿರು ಕಟ್ಟಿ ಕಣ್ಣು ಕೆಂಪಾಯಿತು, ನೆತ್ತಿಗೆ ಹತ್ತಿತು ಅಂತ ತಲೆ ತಟ್ಟಿದೆ, ಯಾರೋ ನೆನಸ್ಕಂಡ್ರು ಕಾಣ್ತದೆ ನಿಮ್ಮನ್ನ ಅಂದೆ, ಸುಂಕಸಾಳದ ಬೊಮ್ಮುನೇ ಇರೂದು ಅಂದರು, ಮದುವೆಗೆ ಮೊದಲು ಇವರಿಗೆ ನೋಡಿದ್ದ ಹೆಣ್ಣು ಅದು, ಆಮೇಲೆ ತಟ್ಟಿದ್ದು ಸ್ವಲ್ಪ ಜೋರಾಗಿಯೇ, ಅದಕ್ಕೂ ನಕ್ಕರು.

ಆಮೇಲೆ ಜ್ವರ, ಕೆಮ್ಮು, ಕಫದಲ್ಲಿ ರಕ್ತ, ಅಂಕೋಲೆಯ ಡಾಕ್ಟರು ಕೇಳಿದ್ದರು, ಗಂಟಲಲ್ಲಿ ಏನಾದರೂ ಸಿಕ್ಕಿತ್ತೇ, ಇಲ್ಲ ಅಂದೆ, ಗಂಟಲಲ್ಲಿ ಎಲ್ಲಿ ಸಿಕ್ಕಿತ್ತು, ನೆತ್ತಿಗಲ್ಲವೇ ಹತ್ತಿದ್ದು, ಹಾಗಾದರೆ ಕ್ಷಯ ಅಂದರು, ಕ್ಷಯ ಅಂದಮೇಲೆ ಕೇಳಬೇಕೇ, ಕೊಟ್ಟಿಗೆಯ ಆಚೆ ಚಾಪೆ, ಬೇರೆ ತಟ್ಟೆ, ದೂರದಿಂದ ಅನ್ನ ಸರಿಸುತ್ತಿದ್ದೆ, ಒಂದ್ಸಲ ಕಾಮೀನ ಕರ್ಕಂಡು ಬಾರೆ, ನೋಡಿದ್ರೆ ಸಾಕು ಅಂದರು, ನಾನು ಸೊಪ್ಪು ಹಾಕಲಿಲ್ಲ, ಹೆದರಿಕೆ, ಎಲ್ಲಾ ಹೆದರಿಕೆ, ಛೇ, ಎಂಥ ಕೆಲಸ ಮಾಡಿಬಿಟ್ಟೆ ಅವರಿಗೆ — ಬೆಳಿಗ್ಗೆ ಮುಂಬಯಿಯವರು ಎದೆಗೆ ಕಿವಿಗೊಟ್ಟು ಮರಾಠಿಯಲ್ಲಿ ಏನೋ ಹೇಳಿದರು, ಎದೆಯ ಒಂದೇ ಬದಿಗೆ ಗಾಳಿ ಹೋಗ್ತದಂತೆ, ಗಂಟಲಲ್ಲಿ ಎಂತಾದ್ರೂ ಸಿಕ್ಕಿತ್ತ ಅಂತ ನರ್ಸಮ್ಮ ಕೇಳಿದಳು, ಮತ್ತೆ ಇಲ್ಲ ಅಂದೆ ನಾನು, ಪೆದ್ದಿ, ಆಗ ಡಾಕ್ಟರು ತಾವೇ ಉಣ್ಣುವಂತೆ ಮಾಡಿ, ಉಸಿರು ಹಿಡಿದು ಕೆಮ್ಮಿ, ಕಣ್ಣು ಮೇಲೆ ಮಾಡಿ ತೋರಿಸಿದರು, ಅಯ್ಯೋ ಅದೋ, ನೆತ್ತಿಗೆ ಹತ್ತಿದ್ದೋ, ಹತ್ತಿತ್ತಲ್ಲ —

ಬಾಗಿಲು ತೆರೆಯಿತು, ನರ್ಸಮ್ಮನ ಬಟ್ಟಲಲ್ಲಿ ಉಗುರಿನಷ್ಟು ಚಿಪ್ಪಿನ ಚೂರು, ಕಪ್ಪಾಗಿದೆ, ಕ್ಷಯವೂ ಇಲ್ಲ ಎಂತದೂ ಇಲ್ಲ ಮಾರಾಯ್ತಿ ಅನ್ನುತ್ತಾಳೆ, ಇವರು ಒಳಗೆ ಮಂಚದ ಮೇಲೆ, ಎದೆ ಎರಡೂ ಬದಿ ಏಳುತ್ತದೆ ಇಳಿಯುತ್ತದೆ, ನನ್ನನ್ನು ನೋಡಲಿಲ್ಲ, ಕಾಮಿಯ ಕಡೆ ಕೈ ಚಾಚಿದರು, ಅವಳು ಕಂಬಕ್ಕೆ ಒತ್ತಿ ನಿಂತಿದ್ದಾಳೆ, ಎರಡೂ ಕೈ ಬೆನ್ನ ಹಿಂದೆ, ಅಪ್ಪನ್ನ ಮುಟ್ಟೂಕಾಗ ಅಲ್ದ ಅವ್ವೇ, ಹೋಗು ಅಂದೆ, ಈಗ ಹೋಗಬಹುದು, ಹೋಗೇ, ಇವರ ಕೈ ಚಾಚಿಯೇ ಇದೆ, ಅವಳ ಕೈ ಬೆನ್ನ ಹಿಂದೆ, ಹೋಗೇ ಮಗಾ, ಬೆನ್ನ ಹಿಂದೆ —